ಕರಿ ಟೀ ಶರ್ಟಿನವರ ರಸಮಂಜರಿ

2007ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ಕೇಳುವವರನ್ನೆಲ್ಲ ಸೇರಿಸಿದರೂ ಒಂದು ಟೆಂಪೋ ತುಂಬುತ್ತಿರಲಿಲ್ಲ. ಜನ ಕಡಿಮೆ ಇದ್ದಷ್ಟೂ ಕಟ್ಟುಪಾಡು ಜಾಸ್ತಿ. ಟೀ ಶರ್ಟ್ ಕರಿದೇ ಇರಬೇಕು. ಕೂದಲು ಕಿವಿ ದಾಟಬೇಕು, ಮನೆಯವರು ಸಲೂನಿಗೆ ಅಟ್ಟುವ ತನಕ. ಸಿನಿಮಾ ಹಾಡು ಕೇಳಬಾರದು. ಕಿವಿಗೆ ಬಿದ್ದರೆ ಮುಖ ಕಿವುಚಿಕೊಂಡು ‘ಏನ್ ಹಾಡಪಾ ಇದು’ ಅನ್ನಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಮುರಿದವನಿಗೆ ನಮ್ಮ ಗುಂಪಿನಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ.

ನಮ್ಮದು ಮೂರು ಜನರ ಬ್ಯಾಂಡ್. ನಾನು ಗಿಟಾರ್, ಒಬ್ಬ ತಗ್ಗು ಸ್ವರದ ಬಾಸ್ ಗಿಟಾರ್, ಇನ್ನೊಬ್ಬ ಡ್ರಮ್ಸ್. ಗೋಕುಲ ರೋಡ್ ಕಡೆ ಡ್ರಮ್ಸ್ ಗೆಳೆಯನ ತಂದೆಯ ಗೋದಾಮಿತ್ತು. ಹತ್ತಿಕಾಳಿನ ಚೀಲಗಳ ನಡುವೆ ಜಾಗ ಮಾಡಿಕೊಂಡು ಅಲ್ಲೇ ಪ್ರಾಕ್ಟೀಸ್. ಚೀಲಗಳು ಸದ್ದನ್ನು ಹೀರುತ್ತಿದ್ದುದರಿಂದ ಅಕ್ಕಪಕ್ಕದವರ ಬೈಗುಳ ಕಡಿಮೆ ಇತ್ತು.

ಆ ವರ್ಷ ಮಾರ್ಚ್ 17ಕ್ಕೆ ಇಂಗ್ಲೆಂಡಿನ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಾರಿಸಿದರು. ನಾವು ಮೂವರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ರಾತ್ರಿಯೆಲ್ಲ ನಿಂತು ಹೋದೆವು. ವಾಪಸ್ ಬಂದ ಮೇಲೆ ನಮ್ಮ ಗತ್ತು ಕೇಳಬೇಡಿ. ವಿದ್ಯಾನಗರದ ಚಹಾದಂಗಡಿಯಲ್ಲಿ ಆ ಕಥೆ ಹೇಳಿ ಹೇಳಿ ಅಂಗಡಿಯವನಿಗೂ ಹಾಡುಗಳ ಕ್ರಮ ಬಾಯಿಪಾಠ ಆಗಿತ್ತು.

ಆದರೆ ಊರಿಗೆ ಬೇರೆಯದೇ ಹುಚ್ಚು ಹಿಡಿದಿತ್ತು. 2006ರ ಡಿಸೆಂಬರ್ ಕೊನೆಗೆ ಮುಂಗಾರು ಮಳೆ ಬಿಡುಗಡೆಯಾಗಿತ್ತು. ಮುಂದೆ ವರ್ಷವಿಡೀ ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ, ಸೋನು ನಿಗಮ್ ದನಿ. ಚೆನ್ನಮ್ಮ ಸರ್ಕಲ್ಲಿನ ಆಟೋದಲ್ಲಿ ಅದೇ, ಕೊಪ್ಪೀಕರ ರೋಡಿನ ಮೊಬೈಲ್ ಅಂಗಡಿಯಲ್ಲಿ ಅದೇ. ಯಾರಿಗೆ ಫೋನ್ ಮಾಡಿದರೂ ಕಾಲರ್ ಟ್ಯೂನ್ ಅದೇ. ನಾವು ಮೂವರೂ ಸೇರಿ ಅದನ್ನು ಆಡಿಕೊಂಡು ನಗುತ್ತಿದ್ದೆವು. ಸೋನು ನಿಗಮ್ ಉಸಿರು ಎಳೆಯುವ ರೀತಿಯನ್ನು ಬಾಸ್ ಗೆಳೆಯ ಅಣಕಿಸಿದರೆ ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಇಷ್ಟು ಕರಾರುವಾಕ್ಕಾಗಿ ಅಣಕಿಸಬೇಕಾದರೆ ಎಷ್ಟು ಸಲ ಕೇಳಿರಬೇಕು ಅನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಸಿನಿಮಾ ಹಾಡು ಕಂಡರೆ ಆಗದ ಇನ್ನೊಬ್ಬರು ಧಾರವಾಡದ ಮಾಳಮಡ್ಡಿಯಲ್ಲಿದ್ದರು. ನಮ್ಮ ಕಾಕಾ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಇವರ ಹೊರತು ಉಳಿದದ್ದೆಲ್ಲ ಅವರಿಗೆ ಗದ್ದಲ. ನನ್ನ ಗಿಟಾರಂತೂ ಲೆಕ್ಕಕ್ಕೇ ಇಲ್ಲ. ಒಮ್ಮೆ ನಾನು, ‘ಭೀಮಸೇನ ಜೋಶಿಯವರೂ 1956ರಲ್ಲಿ ಬಸಂತ್ ಬಹಾರ್ ಅನ್ನೋ ಹಿಂದಿ ಸಿನಿಮಾಕ್ಕ ಮನ್ನಾ ಡೇ ಜೋಡಿ ಹಾಡ್ಯಾರಲ್ರೀ ಕಾಕಾ’ ಅಂದೆ. ಕಾಕಾ ಎಲೆ ಅಡಿಕೆ ಬದಿಗಿಟ್ಟು ನನ್ನನ್ನು ನೋಡಿದರು. ‘ಅದು ಸಿನಿಮಾ ಹಾಡಲ್ಲ. ಬಂದಿಶ್.’ ಆ ಸಿನಿಮಾದಲ್ಲಿ ಹಾಡಿನ ಸ್ಪರ್ಧೆ ಗೆಲ್ಲುವುದು ಮನ್ನಾ ಡೇ ದನಿ. ಆ ವಿಷಯ ಎತ್ತುವ ಧೈರ್ಯ ನನಗಿರಲಿಲ್ಲ. ಇದೇ ಕಾಕಾ ಬಚ್ಚಲಮನೆಯಲ್ಲಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ರಾಜ್‌ಕುಮಾರ್ ಹಾಡು ಗುನುಗುತ್ತಿದ್ದರು. ನೀರಿನ ಸದ್ದಿಗೆ ಹೊರಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದರೋ ಏನೋ. ಕಾಕು ಅಡುಗೆಮನೆಯಲ್ಲಿ ನಗುತ್ತಿದ್ದರು, ಹೇಳುತ್ತಿರಲಿಲ್ಲ.

ಗಣೇಶನ ಹಬ್ಬ ಬಂತು. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಕೀಬೋರ್ಡ್ ಮಾಸ್ತರರಿದ್ದರು. ಹಬ್ಬ, ಜಾತ್ರೆ, ಮದುವೆಗಳಿಗೆ ರಸಮಂಜರಿ ತಂಡ ಕರೆದೊಯ್ಯುವುದು ಅವರ ಕಸುಬು. ಅವರ ಗಿಟಾರಿಸ್ಟನಿಗೆ ಚಿಕೂನ್‌ಗುನ್ಯಾ ಬಂದು ಹೋಗಿತ್ತು. ಜ್ವರ ಬಿಟ್ಟರೂ ಕೀಲುನೋವು ಬಿಟ್ಟಿರಲಿಲ್ಲ, ಬೆರಳು ಮಡಚಲು ಆಗುತ್ತಿರಲಿಲ್ಲ. ಮಾಸ್ತರರು ಸಂಜೆ ಮನೆ ಬಾಗಿಲಿಗೆ ಬಂದರು.

‘ಅಣ್ಣಿಗೇರಿ ಕಡೆ ಒಂದ್ ಹಳ್ಳಿ. ಐದನೇ ದಿನ ಗಣಪತಿ ಕಳಸ್ತಾರ, ಹಿಂದಿನ ರಾತ್ರಿ ಪ್ರೋಗ್ರಾಮ್. ಫುಲ್ ಸೆಟ್ ಬೇಕಂದಾರ. ನಿನ್ನ ಬಾಸ್ ಹುಡುಗನ್ನೂ ಕರ್ಕೊಂಡ್ ಬಾ. ತಲಿಗೆ ಐದುನೂರು, ಊಟ.’

‘ಸರ, ಆ ಹಾಡ್ ನಮಗ ಗೊತ್ತಿಲ್ಲರೀ.’

‘ಸ್ಕೇಲ್ ನಾ ಹೇಳ್ತೀನಿ. ಉಳದಿದ್ದು ಆಗ್ತೈತಿ, ಬಾ.’

ದುಡ್ಡಿನ ಆಸೆ ಇತ್ತು. ತಂತಿ ಹರಿದು ತಿಂಗಳಾಗಿತ್ತು. ಡ್ರಮ್ಸ್ ಗೆಳೆಯನಿಗೆ ಹೇಳಲಿಲ್ಲ. ಹೇಳಿದ್ದರೆ ಮಾನ ಹೋಗುತ್ತಿತ್ತು. ಟೆಂಪೋದಲ್ಲಿ ಸ್ಪೀಕರ್ ಡಬ್ಬಿಗಳ ಮೇಲೆ ಕೂತು ಹೋಗುವಾಗ ನಾವಿಬ್ಬರೂ ಒಬ್ಬರಿಗೊಬ್ಬರು ಪ್ರಮಾಣ ಮಾಡಿಕೊಂಡ ಹಾಗೆ ಮಾತಾಡಿದೆವು. ನನಗೆ ಒಂದು ಹಾಡೂ ಬರಲ್ಲ ಅಂತ ನಾನು. ರಾಜ್‌ಕುಮಾರ್ ಹಾಡು ಎರಡು ಮೂರು ಕೇಳಿರಬಹುದು, ಅದೂ ಅಪ್ಪನ ಸಲುವಾಗಿ ಅಂತ ಅವನು. ರಸ್ತೆಯ ಎರಡೂ ಕಡೆ ಕರಿ ಎರೆಭೂಮಿ, ಮಳೆ ಬಿದ್ದು ಹತ್ತಿ ಗಿಡ ಹಸಿರಾಗಿ ನಿಂತಿತ್ತು. ಆಕ್ಟೋಪ್ಯಾಡ್ ಅನ್ನುವ ಎಲೆಕ್ಟ್ರಾನಿಕ್ ಡ್ರಮ್ ಬಾರಿಸುವ ಹಿರಿಯ ನಮ್ಮ ಮಾತು ಕೇಳುತ್ತ ಗುಟ್ಕಾ ಅಗಿಯುತ್ತಿದ್ದ. ಏನೂ ಹೇಳಲಿಲ್ಲ.

ಸ್ಟೇಜ್ ಅಂದರೆ ಶಾಲೆಯ ಕಟ್ಟೆ. ನಾನು ಗಿಟಾರಿನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಪೆಡಲ್ ಒಯ್ದಿದ್ದೆ. ಒಂದು ಸಲ ಒತ್ತಿ ಬಾರಿಸಿದೆ, ಅಷ್ಟೇ. ಸೌಂಡ್ ಆಪರೇಟರ್ ಓಡಿ ಬಂದ. ‘ಅಣ್ಣಾರ, ಜೀರಂಗಿ ಹುಳಾ ಡಬ್ಬ್ಯಾಗ ಹಾಕಿ ಮುಚ್ಚಿದಂಗ ಕೇಳಾಕತ್ತೈತಿ. ಅದನ್ನ ಬಂದ್ ಮಾಡ್ರಿ.’ ನನ್ನ ಎರಡು ವರ್ಷದ ಸಾಧನೆಗೆ ಸಿಕ್ಕ ಮೊದಲ ವಿಮರ್ಶೆ ಅದು. ಪೆಡಲ್ ತೆಗೆದೆ. ಕ್ಲೀನ್ ಗಿಟಾರಿನಲ್ಲಿ ತಪ್ಪು ಮುಚ್ಚಿಡುವುದು ಆಗುವುದಿಲ್ಲ. ಡಿಸ್ಟಾರ್ಶನ್ ಹಾಕಿದರೆ ಅರ್ಧ ತಪ್ಪು ಸದ್ದಿನಲ್ಲೇ ಮುಳುಗುತ್ತದೆ. ಇಲ್ಲಿ ಬೆರಳು ಒಂದು ತಂತಿಗೆ ಸರಿಯಾಗಿ ಕೂರದಿದ್ದರೂ ಇಡೀ ಊರಿಗೆ ಗೊತ್ತಾಗುತ್ತದೆ.

ಗಣಪತಿ ಸ್ತುತಿ ಆಯಿತು. ರಾಜ್‌ಕುಮಾರ್ ಹಾಡು ಎರಡು ಆದವು. ನಾನು ಮಾಸ್ತರರ ಬೆರಳು ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದೆ, ಅಥವಾ ಹಾಗೆ ನಟಿಸುತ್ತಿದ್ದೆ. ಆಮೇಲೆ ಹಂಸಲೇಖರ ಹಾಡು ಬಂತು. 1987ರ ಪ್ರೇಮಲೋಕದ ಆಮೇಲೆ ಹಂಸಲೇಖ, ರವಿಚಂದ್ರನ್ ಜೋಡಿಯ ಹಾಡಿಲ್ಲದೆ ನಮ್ಮ ಕಡೆ ರಸಮಂಜರಿ ಮುಗಿದದ್ದಿಲ್ಲ. ಪಲ್ಲವಿ ಮುಗಿದು ನಡುವಿನ ಸಂಗೀತ ಶುರುವಾಯಿತು. ಅಲ್ಲಿ ಗಿಟಾರಿಗೆ ಒಂದು ಚಿಕ್ಕ ತುಣುಕಿದೆ. ಮಾಸ್ತರರು ಅದನ್ನು ಕೀಬೋರ್ಡಿನಲ್ಲೇ ಬಾರಿಸಲು ಕೈ ಎತ್ತಿದರು. ಅಷ್ಟರಲ್ಲಿ ನನ್ನ ಬೆರಳು ಓಡಿಬಿಟ್ಟಿದ್ದವು. ಕೊನೆಯ ಜಾರಿಕೆಯೂ ಸೇರಿ, ಪೂರ್ತಿ.

ನಾನು ಬೆವರಿದೆ. ಬಾಸ್ ಗೆಳೆಯನ ಕಡೆ ನೋಡುವ ಧೈರ್ಯ ಇರಲಿಲ್ಲ. ಆದರೆ ನೋಡಬೇಕಾಯಿತು. ಯಾಕೆಂದರೆ ನನ್ನ ತುಣುಕು ಮುಗಿಯುವ ಜಾಗದಲ್ಲಿ ಬಾಸ್ ಕೆಳಗಿನಿಂದ ಏರಿ ಬಂದು ಚರಣಕ್ಕೆ ದಾರಿ ಬಿಡುತ್ತದೆ. ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೇ ಅದು ಬಂತು. ಒಂದು ಸ್ವರ ಆಚೀಚೆ ಇಲ್ಲ. ಅವನು ಕಣ್ಣು ಮುಚ್ಚಿದ್ದ. ತೆರೆದಾಗ ನನ್ನ ಮುಖ ಕಂಡಿತು. ಇಬ್ಬರೂ ಒಟ್ಟಿಗೆ ನೆಲ ನೋಡಿದೆವು. ಆಕ್ಟೋಪ್ಯಾಡ್ ಹಿರಿಯ ಮಾತ್ರ ಬಾಯ್ತುಂಬ ನಕ್ಕ.

ಆಮೇಲೆ ಮುಚ್ಚಿಡುವುದು ಏನು ಉಳಿದಿತ್ತು! ಜನರಿಂದ ಚೀಟಿ ಬರತೊಡಗಿದವು. ಹತ್ತರ ನೋಟಿಗೆ ಪಿನ್ ಹಾಕಿದ ಚೀಟಿ, ಗುಟ್ಕಾ ಪಾಕೀಟಿನ ಹಿಂದೆ ಬರೆದ ಚೀಟಿ. ಅರ್ಧಕ್ಕಿಂತ ಜಾಸ್ತಿ ಮುಂಗಾರು ಮಳೆಯವೇ. ಗಾಯಕ ಬಾಯಿ ತೆರೆಯುವ ಮೊದಲೇ ಹಿಂದೆ ಕೂತ ಹೆಣ್ಣುಮಕ್ಕಳು ಹಾಡಲು ಶುರು ಮಾಡಿದರು. ಒನ್ಸ್ ಮೋರ್ ಅಂತ ಕೂಗು. ಮತ್ತೆ ಅದೇ ಹಾಡು, ಮತ್ತೆ ಕೂಗು. ಅರಮನೆ ಮೈದಾನದಲ್ಲಿ ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ಮೈಕ್ ಜನರ ಕಡೆ ಚಾಚಿದಾಗ ನಾನೂ ಆ ಗುಂಪಿನಲ್ಲಿ ಕಿರುಚಿದ್ದೆ. ಇಲ್ಲಿ ಯಾರೂ ಮೈಕ್ ಚಾಚಬೇಕಾಗಿರಲಿಲ್ಲ. ಆ ಹಾಡಿನಲ್ಲಿ ನಾನು ಬಾರಿಸಬೇಕಾದದ್ದು ಬಹಳ ಕಡಿಮೆ, ಸುಮ್ಮನಿರಬೇಕಾದ ಜಾಗವೇ ಜಾಸ್ತಿ. ಮೆಟಲ್ ಗಿಟಾರಿಸ್ಟನಿಗೆ ಅದಕ್ಕಿಂತ ಕಷ್ಟದ ಕೆಲಸ ಇಲ್ಲ. ನನ್ನ ಕೈ ಪದೇ ಪದೇ ತಂತಿಯ ಕಡೆ ಹೋಗುತ್ತಿತ್ತು, ಮಾಸ್ತರರು ಕಣ್ಣಲ್ಲೇ ತಡೆಯುತ್ತಿದ್ದರು.

ಊಟಕ್ಕೆ ಗೋಧಿ ಹುಗ್ಗಿ, ಬದನಿಕಾಯಿ ಎಣಗಾಯಿ, ರೊಟ್ಟಿ. ವಾಪಸ್ ಬರುವಾಗ ರಾತ್ರಿ ಬಹಳ ಆಗಿತ್ತು. ಟೆಂಪೋದಲ್ಲಿ ವಿಚಾರಣೆ ಶುರುವಾಯಿತು.

‘ಆ ಬಾಸ್ ಲೈನ್ ಎಲ್ಲಿ ಕೇಳಿದಿ?’

‘ಆಟೋದಾಗ.’

‘ಆಟೋ ಸ್ಪೀಕರಿನ್ಯಾಗ ಬಾಸ್ ಕೇಳಸ್ತೈತೇನ್ಲೇ?’

ಅವನು ಸಿಕ್ಕಿಬಿದ್ದ. ಆಟೋದ ಚಿಕ್ಕ ಸ್ಪೀಕರಿನಲ್ಲಿ ಕಿಣಿಕಿಣಿ ಬಿಟ್ಟರೆ ಏನೂ ಬರುವುದಿಲ್ಲ. ಆ ಸ್ವರಗಳನ್ನು ಹಿಡಿಯಬೇಕೆಂದರೆ ಹೆಡ್‌ಫೋನ್ ಬೇಕು, ರಾತ್ರಿ ಬೇಕು, ಅದೇ ಹಾಡನ್ನು ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ಕೇಳುವ ಪ್ರೀತಿ ಬೇಕು. ಕೊನೆಗೆ ಬಾಯಿಬಿಟ್ಟ. ಅವನ ಕಂಪ್ಯೂಟರಿನಲ್ಲಿ ‘ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್’ ಅಂತ ಒಂದು ಫೋಲ್ಡರ್ ಇತ್ತಂತೆ. ಅದನ್ನು ಯಾರೂ ತೆರೆಯುವುದಿಲ್ಲ ಅನ್ನುವ ಭರವಸೆ. ಒಳಗೆ ಹಂಸಲೇಖ, ಇಳಯರಾಜ, ಮುಂಗಾರು ಮಳೆ ಪೂರ್ತಿ, ಜೊತೆಗೆ ಸ್ವೀಡನ್ನಿನ ಪಾಪ್ ತಂಡ ಆಬಾ. ನಂದೂ ಹೇಳಿದೆ. ಸೋದರಮಾವನ ಬೋನಿ ಎಂ ಡಿಸ್ಕೋ ಕ್ಯಾಸೆಟ್ಟು, ಅದರ ಮೇಲೆ ನಾನು ಅಂಟಿಸಿದ್ದ ಮೆಗಾಡೆತ್ ಅನ್ನುವ ಮೆಟಲ್ ಬ್ಯಾಂಡಿನ ಚೀಟಿ.

ಆಗ ಅವನೊಂದು ಕಥೆ ಹೇಳಿದ, ಯಾವುದೋ ಹಳೇ ಪತ್ರಿಕೆಯಲ್ಲಿ ಓದಿದ್ದು. 1992ರಲ್ಲಿ ಇಂಗ್ಲೆಂಡಿನ ರೀಡಿಂಗ್ ಉತ್ಸವದಲ್ಲಿ ನಿರ್ವಾಣ ಅನ್ನುವ ರಾಕ್ ತಂಡ ಬಾರಿಸಿದ ದಿನ ಅದೇ ವೇದಿಕೆಯ ಮೇಲೆ ಬಿಯಾರ್ನ್ ಅಗೇನ್ ಅನ್ನುವ ತಂಡವೂ ಇತ್ತು. ಆಬಾ ಹಾಡುಗಳನ್ನು ಆಬಾದವರ ವೇಷದಲ್ಲೇ ಹಾಡುವ ತಂಡ ಅದು. ಅವರನ್ನು ಕರೆಸಿದ್ದು ನಿರ್ವಾಣದ ಗಾಯಕ ಕರ್ಟ್ ಕೊಬೇನ್ ಬಳಗವೇ. ‘ಅಂವ ರಾಜಾರೋಷವಾಗಿ ಕರಸ್ಯಾನ, ನಾವು ಫೋಲ್ಡರಿಗೆ ಹೆಸರು ಬದಲಿ ಮಾಡಾಕತ್ತೀವಿ’ ಅಂದ.

ಇಂಥ ಕಥೆಗಳನ್ನು ನಾನು ಆಮೇಲೆ ಹುಡುಕಿ ಹುಡುಕಿ ಕೂಡಿಟ್ಟೆ. ಜುದಾಸ್ ಪ್ರೀಸ್ಟ್ ತಂಡದ ರಾಬ್ ಹ್ಯಾಲ್ಫರ್ಡ್, ಮೆಟಲ್ಲಿನ ದೊಡ್ಡಣ್ಣ. ಅವರು 1988ರಲ್ಲಿ ಸ್ಟಾಕ್ ಏಟ್ಕನ್ ವಾಟರ್‌ಮನ್ ಜೊತೆ ಕೂತು ಹಾಡು ರೆಕಾರ್ಡ್ ಮಾಡಿದರು. ರಿಕ್ ಆ್ಯಸ್ಲಿ, ಕೈಲಿ ಮಿನೋಗ್‌ರಿಗೆ ಹಿಟ್ ಕೊಟ್ಟ ಅದೇ ಪಾಪ್ ಕಾರ್ಖಾನೆ. ಆ ಹಾಡುಗಳು ಆಲ್ಬಮ್ಮಿಗೆ ಸೇರಲಿಲ್ಲ. ಪಾಪ್ ತಾರೆ ಬ್ರಿಟ್ನಿ ಸ್ಪಿಯರ್ಸ್‌ಗೆ 1998ರಲ್ಲಿ ಮೊದಲ ಹಿಟ್ ಬರೆದುಕೊಟ್ಟ ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಅದಕ್ಕೂ ಮೊದಲು ಒಂದು ಗ್ಲಾಮ್ ಮೆಟಲ್ ಬ್ಯಾಂಡಿನ ಗಾಯಕ. ನೆವರ್‌ಮೈಂಡ್ ಆಲ್ಬಮ್ಮಿನ ಡ್ರಮ್ಸಿಗೆ ಡಿಸ್ಕೋ, ಫಂಕ್ ತಂಡಗಳಿಂದ ಎತ್ತಿಕೊಂಡದ್ದು ಬಹಳ ಅಂತ ನಿರ್ವಾಣದ ಡ್ರಮ್ಮರ್ ಡೇವ್ ಗ್ರೋಲ್ ತಾವೇ ಹೇಳಿದ್ದಾರೆ. ಇಷ್ಟದ ಹಾಡಿಗೆ ನಾಚಿಕೆ ಯಾಕೆ ಅನ್ನುವ ಗಿರಾಕಿ ಅವರು. 2021ರಲ್ಲಿ ಅವರ ಫೂ ಫೈಟರ್ಸ್ ತಂಡದವರು ಡಿಸ್ಕೋಗೆ ಹೆಸರಾದ ಬೀ ಜೀಸ್ ಹಾಡುಗಳನ್ನು ಹಾಡಿ ರೆಕಾರ್ಡನ್ನೇ ತಂದರು.

ಹಾಗಾದರೆ ನಮಗೇಕೆ ಆ ನಾಚಿಕೆ? ಹಾಡು ಕೆಟ್ಟದ್ದು ಅಂತ ಅಲ್ಲ. ಅದನ್ನು ಯಾರು ಕೇಳುತ್ತಾರೆ ಅನ್ನುವುದೇ ನಮ್ಮ ತಕರಾರು ಅಂತ ನನಗೆ ಅನ್ನಿಸುತ್ತದೆ. ಆಟೋದವರು, ಹಳ್ಳಿಯವರು, ಕಾಲೇಜಿನ ಹುಡುಗಿಯರು ಇಷ್ಟಪಟ್ಟರೆ ಅದು ಅಗ್ಗ. ನಾವು ಮೂವರೇ ಇಷ್ಟಪಟ್ಟರೆ ಅದು ಕಲೆ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ರಾಕ್ ರೇಡಿಯೋ ನಿರೂಪಕ ಡಿಸ್ಕೋ ರೆಕಾರ್ಡುಗಳ ರಾಶಿಗೆ ಸ್ಫೋಟಕ ಇಟ್ಟು ಸಿಡಿಸಿದ. ಜನ ಮೈದಾನಕ್ಕೆ ನುಗ್ಗಿ ಆ ದಿನದ ಎರಡನೇ ಪಂದ್ಯವೇ ರದ್ದಾಯಿತು. ಜನ ತಂದಿದ್ದ ರೆಕಾರ್ಡುಗಳಲ್ಲಿ ಡಿಸ್ಕೋ ಅಲ್ಲದ, ಬರೀ ಕಪ್ಪು ಕಲಾವಿದರವು ಅನ್ನುವಂಥವೂ ಬಹಳ ಇದ್ದವು ಅಂತ ಅಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಮುಂದೆ ನೆನಪಿಸಿಕೊಂಡಿದ್ದಾನೆ. ತಮಾಷೆ ಅಂದರೆ ಅದೇ ವರ್ಷ ಕಿಸ್ ಅನ್ನುವ ರಾಕ್ ತಂಡ ಡಿಸ್ಕೋ ತಾಳಕ್ಕೇ ಹಿಟ್ ಹಾಡು ಕೊಟ್ಟಿತು. ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಆ ಶಾಲೆ ಮಕ್ಕಳ ಹಾಡು ಬಂದದ್ದೂ 1979ರಲ್ಲೇ, ಅದರ ತಾಳವೂ ಡಿಸ್ಕೋನೇ. ನಮ್ಮ ಗೋದಾಮಿನಲ್ಲಿ ಎಷ್ಟು ಸಲ ಅದನ್ನು ತಲೆ ಅಲ್ಲಾಡಿಸಿಕೊಂಡು ಬಾರಿಸಿದ್ದೇವೋ!

ಆ ರಾತ್ರಿ ಇಬ್ಬರೂ ಮಾತು ಕೊಟ್ಟುಕೊಂಡೆವು. ಡ್ರಮ್ಸ್ ಗೆಳೆಯನಿಗೆ ಗೊತ್ತಾಗಬಾರದು. ಹಳ್ಳಿಯವರು ಕಾರ್ಯಕ್ರಮದ ವಿಡಿಯೋ ಮಾಡಿಸಿದ್ದು, ಅದನ್ನು ಲೋಕಲ್ ಕೇಬಲ್ಲಿನವರಿಗೆ ಕೊಟ್ಟದ್ದು ನಮಗೆ ಗೊತ್ತಿರಲಿಲ್ಲ. ಮುಂದಿನ ಪ್ರಾಕ್ಟೀಸಿಗೆ ಹೋದರೆ ಅವನು ಡ್ರಮ್ಸ್ ಮುಂದೆ ಕೂತು ಮೆತ್ತಗೆ ಮುಂಗಾರು ಮಳೆ ತಾಳ ಹಾಕುತ್ತಿದ್ದ.

‘ಟಿವಿಯಾಗ ನೋಡಿದ್ಯಾ?’

‘ನಮ್ಮವ್ವ ನೋಡಿದ್ಲು. ನಿನ್ನ ಗೆಳ್ಯಾರು ಎಷ್ಟ್ ಚಂದ ಬಾರಸ್ತಾರ, ನೀ ಯಾಕ ಬರೇ ಗದ್ಲಾ ಮಾಡ್ತಿ ಅಂತ ನನಗ ಬೈದ್ಲು.’ ಕಡ್ಡಿ ಕೆಳಗಿಟ್ಟ. ‘ಸುದ್ದಿ ಹೊರಗ ಹೋಗಬಾರದಂದ್ರ ನನ್ನ ಪಾಲು ಕೊಡ್ರಿ.’

ಮಿರ್ಚಿ ಭಜಿ ಗಿರ್ಮಿಟ್ ಕೊಡಿಸಿದೆವು. ಬಾಯಿ ಮುಚ್ಚಲಿಲ್ಲ. ಮುಂದಿನ ಪ್ರೋಗ್ರಾಮಿಗೆ ಪ್ಯಾಡ್ ತಾನೇ ಬಾರಿಸುತ್ತೇನೆ, ಮಾಸ್ತರರಿಗೆ ಹೇಳಲೇಬೇಕು ಅಂತ ಹಟ ಹಿಡಿದ. ಹೋಗಿ ಹೇಳಿದೆ. ಮಾಸ್ತರರು ಹಾರ್ಮೋನಿಯಂ ಒರೆಸುತ್ತ ಕೇಳಿಸಿಕೊಂಡರು.

‘ಹಾಡ್ ಗೊತ್ತದಾವೇನ್ ಅವಂಗ?’

‘ಎಲ್ಲಾ ಗೊತ್ತದಾವ್ರೀ. ನಮಗಿಂತ ಜಾಸ್ತಿ.’

‘ಬರಲಿ. ಮದ್ಲ ಕೂದಲಾ ಕಡಿಸ್ಕೊಂಡ್ ಬಾ ಅನ್ನು.’