ಅರ್ಧ ಬಿದ್ದ ನೇರಳೆ ಮರ

ಮೇ ತಿಂಗಳ ಒಂದು ಶನಿವಾರ. ಮೈಸೂರಿನಿಂದ ಊರಿಗೆ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ, ಗಾಳಿ ಶುರುವಾಯಿತು. ನಮ್ಮೂರು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಗಲಲ್ಲಿ. ಹಳಬರು ಈಗಲೂ ಅದನ್ನು ಇರ್ವಿನ್ ನಾಲೆ ಅಂತಲೇ ಕರೆಯುತ್ತಾರೆ. ಬೇಸಿಗೆಯ ಮಳೆ ನಮ್ಮ ಕಡೆ ಸುಮ್ನೆ ಬರುವುದಿಲ್ಲ. ಮೊದಲು ಗಾಳಿಯನ್ನು ಕಳಿಸಿ ಹೆಂಚು, ಶೀಟು, ಬಾಳೆ ಎಲ್ಲದರ ಲೆಕ್ಕ ಚುಕ್ತಾ ಮಾಡಿ ಆಮೇಲೆ ತಾನು ಬರುತ್ತದೆ.

ಹಿತ್ತಲಲ್ಲಿ ದೊಡ್ಡ ಸದ್ದೇನೂ ಆಗಲಿಲ್ಲ. ಮರ ಬಿದ್ದರೆ ದಡಾರ್ ಅನ್ನಬೇಕು ಅಲ್ವಾ? ಇದು ಹಳೇ ಬಾಗಿಲು ತೆಗೆದ ಹಾಗೆ ಕಿರ್ರೋ ಅಂತ ಎಳೆಯಿತು, ಅಷ್ಟೆ. ಓಡಿ ಹೋಗಿ ನೋಡಿದರೆ ನೇರಳೆ ಮರ ಪಡುವಣಕ್ಕೆ ವಾಲಿಕೊಂಡಿತ್ತು. ಪೂರ್ತಿ ಮಲಗಿರಲಿಲ್ಲ. ಎರಡು ದಪ್ಪ ಕೊಂಬೆ ನೆಲಕ್ಕೆ ಊರಿ, ಮೊಣಕೈ ಕೊಟ್ಟು ಒರಗಿದ ಮುದುಕನ ಹಾಗೆ ನಿಂತಿತ್ತು. ಒಂದು ಕೊಂಬೆ ಕೊಟ್ಟಿಗೆಯ ಶೀಟಿನ ಮೇಲೆ ಕೂತಿತ್ತು. ಮೂಡಣ ಕಡೆಯ ಬೇರೆಲ್ಲ ಕಿತ್ತು, ಮಣ್ಣಿನ ಸಮೇತ ಎದ್ದಿತ್ತು. ಎಂಟಡಿ ಅಗಲದ ಮಣ್ಣಿನ ಗೋಡೆ. ಅದರ ಕೆಳಗೆ ಒಂದು ಗುಂಡಿ. ಪಡುವಣ ಕಡೆಯ ಬೇರು ಮಾತ್ರ ಇನ್ನೂ ನೆಲ ಕಚ್ಚಿಕೊಂಡಿತ್ತು.

ಆ ಮರ ನೆಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಹಕ್ಕಿ ನೆಟ್ಟಿದ್ದು ಅನ್ನುತ್ತಾಳೆ ಅವ್ವ. ಒಬ್ಬರ ತೆಕ್ಕೆಗೆ ಸಿಗದ ಬೊಡ್ಡೆ. ಕಾಯಿ ಆಗಷ್ಟೇ ಬಣ್ಣ ತಿರುಗುತ್ತಿತ್ತು.

ಈಗ ನನ್ನ ಬುದ್ಧಿವಂತಿಕೆಯ ವಿಷಯ. ಮಳೆ ಸ್ವಲ್ಪ ನಿಂತ ಕೂಡಲೇ ನಾನು ಮಚ್ಚು, ಗುದ್ದಲಿ ಹಿಡಿದು ಆ ಗುಂಡಿಯೊಳಕ್ಕೆ ಇಳಿದೆ. ಉಳಿದ ಬೇರನ್ನೂ ಅಡಿಯಿಂದ ಕಡಿದುಬಿಟ್ಟರೆ ಮರ ನೆಲಕ್ಕೆ ಕೂರುತ್ತದೆ, ಆಮೇಲೆ ಆರಾಮಾಗಿ ತುಂಡು ಮಾಡಿಸಬಹುದು ಅಂತ ಲೆಕ್ಕ. ಮೊಬೈಲಿನ ಬೆಳಕಲ್ಲಿ ಕಾಲು ಗಂಟೆ ಅಗೆದೆ. ಹಸಿ ಮಣ್ಣಿನ ವಾಸನೆ ಚೆನ್ನಾಗಿತ್ತು. ತಲೆಯ ಮೇಲೆ ಮಣ್ಣಿನ ಗೋಡೆ ಸೂರಿನ ಹಾಗೆ ಬಾಗಿತ್ತು, ಮಳೆ ಕೂಡ ಬೀಳುತ್ತಿರಲಿಲ್ಲ. ಮತ್ತೆ ಗಾಳಿ ಎದ್ದಾಗ ಅವ್ವ ಬಾಗಿಲಲ್ಲಿ ನಿಂತು ಕೂಗಿದಳು: "ಏಯ್, ಮಳೆ ಬತ್ತಾ ಅದೆ, ಒಳಕ್ಕೆ ಬಾರ್ಲಾ." ಮಚ್ಚು ತಂದೆ. ಗುದ್ದಲಿ ಅಲ್ಲೇ ಉಳಿಯಿತು.

ಮನೆಗೆ ಬರುವ ಸರ್ವಿಸ್ ವೈರು ಒಂದು ಕೊಂಬೆಯಡಿ ಸಿಕ್ಕಿತ್ತು. ಊರಲ್ಲಿ ಕರೆಂಟು ಹೋಗಿತ್ತು. ಆದರೆ ಹೋದ ಕರೆಂಟು ಬರುವಾಗ ಹೇಳಿ ಬರುವುದಿಲ್ಲ. ಕರೆಂಟಿನ ದೂರು ಹೇಳುವ 1912 ನಂಬರಿಗೆ ಫೋನ್ ಮಾಡಿದೆ. ರಾತ್ರಿ ಲೈನ್‌ಮನ್ ಬಂದು, ಕಂಬದಲ್ಲೇ ವೈರು ಬಿಚ್ಚಿ ಸುತ್ತಿಟ್ಟು ಹೋದರು. ಅಷ್ಟರ ಮಟ್ಟಿಗೆ ನನಗೆ ಬುದ್ಧಿ ಇತ್ತು.

ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳೆಲ್ಲ ಹಿತ್ತಲಲ್ಲಿ. ಕೈಗೆ ಸಿಗದಿದ್ದ ನೇರಳೆ ಈಗ ಮೊಣಕಾಲೆತ್ತರದಲ್ಲಿ ಸಿಗುತ್ತಿತ್ತು. ಒಬ್ಬ ಬೊಡ್ಡೆಯ ಮೇಲೆ ಕುದುರೆ ಸವಾರಿ ಮಾಡುತ್ತಿದ್ದ. ಇಬ್ಬರು ಗುಂಡಿಯಲ್ಲಿ ಅಂಗಡಿ ಆಟ ಹೂಡಿದ್ದರು. ನಾವು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದೆವು. ಬಟ್ಟೆಗೆ ಕಲೆ ಮಾಡಿಕೊಳ್ಳಬೇಡಿ ಅಂತ ಅವ್ವ ಗದರಿಸಿದ್ದು ಬಿಟ್ಟರೆ ಯಾರೂ ಏನೂ ಅನ್ನಲಿಲ್ಲ.

ಮಧ್ಯಾಹ್ನ ಮರ ಕೊಯ್ಯುವ ಅಣ್ಣ ಬಂದರು. ಪಕ್ಕದ ಹಳ್ಳಿಯವರು. ಐವತ್ತೈದು ದಾಟಿರಬೇಕು. ಗದ್ದದ ಕೆಳಗೆ ಒಂದು ಉದ್ದ ಗಾಯದ ಗುರುತು. ಬಂದವರೇ ಮೊದಲು ಮಾಡಿದ ಕೆಲಸ, ಮಕ್ಕಳನ್ನು ಓಡಿಸಿದ್ದು. ಬೈದೇ ಓಡಿಸಿದರು. ನಮ್ಮ ಕಡೆಗೂ ಒಂದು ನೋಟ ಬಿಟ್ಟರು. ಆಮೇಲೆ ಮರದ ಸುತ್ತ ಎರಡು ಸುತ್ತು ಬಂದರು. ಬಗ್ಗಿ ನೋಡಿದರು. ಬೊಡ್ಡೆಗೆ ಕಿವಿ ಕೊಟ್ಟರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮತ್ತೊಂದು ಸುತ್ತು. ಗುಂಡಿಯ ಬಳಿ ನಿಂತರು.

"ಗುದ್ಲಿ ಯಾರ್ದು?"

"ನಂದೇ ಅಣ್ಣ."

"ನೀವು ಇಳ್ದಿದ್ರಾ ಒಳಕ್ಕೆ?"

"ಹೂಂ. ಎತ್ತಿಕೊಂಡು ಬರ್ಲಾ?"

"ಬುಡಿ. ಇರ್ಲಿ ಅಲ್ಲೇ."

ಒಂದು ಗಳಿಗೆ ಸುಮ್ಮನಿದ್ದು ಅವರೇ ಹೇಳಿದರು: "ಇದು ಈಗ ಮರ ಅಲ್ಲ ಸಾ. ಇಲಿ ಕತ್ರಿ."

ಅವರ ವಿವರಣೆ ನನಗೆ ಅರ್ಥವಾಗಿದ್ದು ಹೀಗೆ. ಬೊಡ್ಡೆ, ಕೊಂಬೆಗಳ ಭಾರ ಈ ಕಡೆ ಒತ್ತಿದ್ದಕ್ಕೆ ಬುಡದ ಮಣ್ಣು ಆ ಕಡೆ ಎದ್ದು ನಿಂತಿದೆ. ತಕ್ಕಡಿಯ ಹಾಗೆ. ಕಚ್ಚಿಕೊಂಡಿರುವ ಬೇರು ಬಗ್ಗಿದ ಬಿದಿರಿನ ಗಳದ ಹಾಗೆ ಬಿಗಿಯಾಗಿದೆ. ಬೊಡ್ಡೆ ಕುಯ್ದ ತಕ್ಷಣ ಈ ಕಡೆಯ ಭಾರ ಹೋಗುತ್ತದೆ. ಆಗ ಬುಡ ಎದ್ದು ನಿಲ್ಲುತ್ತದೆ, ಮಣ್ಣಿನ ಗೋಡೆ ಗುಂಡಿಗೆ ವಾಪಸ್ ಬೀಳುತ್ತದೆ. ಕೆಳಗಿನ ಬೇರು ಕಡಿದರೆ ಇನ್ನೂ ಅಪಾಯ. ಬುಡ ಯಾವಾಗ ಬೇಕಾದರೂ ಹೊರಳಬಹುದು. ನಾನು ಶನಿವಾರ ರಾತ್ರಿ ಮಾಡುತ್ತಿದ್ದುದು ಅದನ್ನೇ.

"ಮರ ಬಿದ್ದು ಸಾಯೋರ್‍ನ ಎಲ್ರೂವೆ ನೋಡವ್ರೆ. ಎದ್ದು ಸಾಯಿಸೋದ್ನ ನಾನ್ ನೋಡಿವ್ನಿ" ಅಂದರು. ಎಲ್ಲಿ, ಯಾರು ಅಂತ ನಾನೂ ಕೇಳಲಿಲ್ಲ.

ಆಮೇಲೆ ಮಣ್ಣಿನ ಗೋಡೆಯ ಅಂಚು ತೋರಿಸಿ, "ಇಲ್ಲಿ ಯಾವಾಗ ಕಾಲುವೆ ಹೊಡ್ಸಿದ್ರಿ?" ಅಂತ ಕೇಳಿದರು. ಬೇರುಗಳ ತುದಿ ಹರಿದಿರಲಿಲ್ಲ. ಚಾಕು ಹಾಕಿದ ಹಾಗೆ ಸಾಪಾಗಿತ್ತು, ತುದಿ ಕಪ್ಪಾಗಿ ಕೊಳೆತಿತ್ತು. ಮೂರು ವರ್ಷದ ಹಿಂದೆ ಬಚ್ಚಲ ಪೈಪಿಗೆಂದು ಜೆಸಿಬಿ ತರಿಸಿ ಬುಡದಿಂದ ಮೂರೇ ಅಡಿ ದೂರದಲ್ಲಿ ಕಾಲುವೆ ತೋಡಿಸಿದ್ದು ನಾನೇ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ನಂಬಿದ್ದೆ. ಹಾಗಲ್ಲ. ಬಹುಪಾಲು ಬೇರು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಅಡ್ಡಡ್ಡ ಹರಡಿರುತ್ತದೆ. ನಾಲೆಯ ಪಕ್ಕದ ತೇವದ ನೆಲದಲ್ಲಿ ಅದಕ್ಕೆ ಆಳಕ್ಕೆ ಹೋಗುವ ದರ್ದೂ ಇಲ್ಲ. ಗಾಳಿ ಬರುವ ಕಡೆಯ ಬೇರು ಡೇರೆಯ ಹಗ್ಗದ ಹಾಗೆ ಮರವನ್ನು ಎಳೆದು ಹಿಡಿದಿರುತ್ತದೆ. ಆ ಹಗ್ಗವನ್ನು ನಾನು ಗಂಟೆ ಲೆಕ್ಕದ ಬಾಡಿಗೆ ಕೊಟ್ಟು ಕತ್ತರಿಸಿಹಾಕಿಸಿದ್ದೆ. ಶನಿವಾರದ ಗಾಳಿಯದು ಬರೀ ನೆಪ.

ಚಿಕ್ಕಪ್ಪನದು ಒಂದೇ ಹಟ: ಟ್ರಾಕ್ಟರಿಗೆ ಕಟ್ಟಿ ಎಳೆದರೆ ಹತ್ತು ನಿಮಿಷದ ಕೆಲಸ. ಅಣ್ಣ ಸಮಾಧಾನದಿಂದಲೇ ಕೇಳಿದರು, "ಎಳುದ್ರೆ ಯಾವ್ ಕಡೀಕ್ ಬತ್ತದೆ ಅಂತ ನಿಮಗ್ ಗೊತ್ತಾ? ನನಗಂತೂ ಗೊತ್ತಿಲ್ಲ." ಚಿಕ್ಕಪ್ಪ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು.

ಸೋಮವಾರ ರಜೆ ಹಾಕಿ ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಮರಗಳನ್ನು ಉಳಿಸಲೆಂದು ರಾಜ್ಯದಲ್ಲಿ 1976ರ ಕಾಯ್ದೆ ಇದೆ. ತೆಂಗಿನಂಥ ಕೆಲವನ್ನು ಬಿಟ್ಟರೆ ಸ್ವಂತ ಹಿತ್ತಲಿನ ಮರಕ್ಕೂ ಅನುಮತಿ ಬೇಕು. ಅರ್ಜಿ, ಜಾಗದ ಪತ್ರ, ಮೊಬೈಲಿನಲ್ಲಿ ಫೋಟೊ. ಒಬ್ಬರು ಬಂದು ನೋಡಿ ಬರೆದುಕೊಂಡು ಹೋದರು. ಅನುಮತಿ ಸಿಗುವವರೆಗೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಮರದ ಸುತ್ತ ಹಳೇ ಸೀರೆ ಕಟ್ಟಿ ಬೇಲಿ ಮಾಡಿದ್ದೆವು. ಕೊಟ್ಟಿಗೆಯ ಎಮ್ಮೆ, ಕರು ಎರಡೂ ಚಿಕ್ಕಪ್ಪನ ಮನೆಗೆ ಹೋದವು.

ಬುಧವಾರ ಬೆಳಿಗ್ಗೆ ಏಳಕ್ಕೇ ಅಣ್ಣ ಬಂದರು. ಜೊತೆಗೆ ಒಬ್ಬ ಹುಡುಗ, ಮರ ಕೊಯ್ಯುವ ಒಂದು ಚೈನಿನ ಮಿಷನ್, ಎರಡು ಹಗ್ಗ, ಜಾಲಿ ಮರದ ನಾಲ್ಕು ಬೆಣೆ. ಬೆಣೆ ಕಬ್ಬಿಣದ್ದಾಗಿರಬಾರದಂತೆ. ಚೈನು ತಗುಲಿದರೆ ಕಿತ್ತು ಹಾರುತ್ತದೆ. ಅವರ ಕಾಲಲ್ಲಿ ಹವಾಯಿ ಚಪ್ಪಲಿ. ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ನನ್ನ ಶೂ ಕೊಟ್ಟೆ, ಅಳತೆ ಆಗಲಿಲ್ಲ. ಬೈಕಿನ ಹೆಲ್ಮೆಟ್ ಕೊಟ್ಟೆ. ಅದನ್ನು ಹುಡುಗನ ತಲೆಗೆ ಹಾಕಿದರು. "ನನಗ್ ಬ್ಯಾಡ ಸಾ, ಕಿವಿ ಕೇಳಲ್ಲ. ಮುರಿಯೋಕ್ ಮುಂಚೆ ಮರ ಸದ್ದು ಮಾಡ್ತದೆ. ಅದು ಕೇಳ್ಬೇಕು." ಗದ್ದದ ಗಾಯ ಹೇಗಾಯಿತು ಅಂತ ಕೇಳಿದ್ದಕ್ಕೆ, ಬ್ಲೇಡಿನ ತುದಿಯ ಮೇಲ್ಭಾಗ ಬೇರೊಂದು ಕೊಂಬೆಗೆ ತಗುಲಿ ಮಿಷನ್ ಮುಖಕ್ಕೇ ಎಗರಿತ್ತು ಅಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷವಂತೆ. ಹಾಗಿದ್ದೂ ಹವಾಯಿ ಚಪ್ಪಲಿ!

ಕೆಲಸ ತುದಿಯಿಂದ ಶುರುವಾಯಿತು. ಮೊದಲು ಭಾರ ಹೊರದ ಸಣ್ಣ ಕೊಂಬೆ. ಶೀಟಿನ ಮೇಲಿದ್ದ ಕೊಂಬೆಗೆ ಹಗ್ಗ ಕಟ್ಟಿ, ಪಕ್ಕದ ಹೊಂಗೆ ಮರಕ್ಕೆ ಒಂದು ಸುತ್ತು ಹಾಕಿ, ತುಂಡು ತುಂಡಾಗಿ ಇಳಿಸಿದರು. ಒಂದು ಶೀಟು ಬಿರುಕು ಬಿಟ್ಟಿದ್ದು ಬಿಟ್ಟರೆ ಕೊಟ್ಟಿಗೆ ಉಳಿಯಿತು. ನೆಲಕ್ಕೆ ಊರಿದ್ದ ಎರಡು ದಪ್ಪ ಕೊಂಬೆಯ ತಂಟೆಗೆ ಮಾತ್ರ ಹೋಗಲಿಲ್ಲ. "ಅವು ಕಾಲು. ಕಾಲು ಕುಯ್ದ್ರೆ ಬೊಡ್ಡೆ ಹೊರಳ್ತದೆ."

ಬೊಡ್ಡೆಯ ಅಡಿ ಸಿಕ್ಕಿ ಬಿಲ್ಲಿನ ಹಾಗೆ ಬಾಗಿದ್ದ ತೋಳು ಗಾತ್ರದ ಒಂದು ಕೊಂಬೆ ಇತ್ತು. ನಾನಾಗಿದ್ದರೆ ಅದನ್ನೇ ಮೊದಲು ಮಚ್ಚಿನಲ್ಲಿ ಹೊಡೆಯುತ್ತಿದ್ದೆ. ಅವರು ಅದರ ಮುಂದೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ಪಕ್ಕದಲ್ಲಿ ನಿಂತು, ಬಾಗಿದ ಒಳಮೈಯನ್ನು ಮಿಷನ್‌ನಿಂದ ಕೆರೆಯುತ್ತ ಹೋದರು. ಸೌತೆಕಾಯಿ ಸಿಪ್ಪೆ ತೆಗೆದ ಹಾಗೆ. ಹೊಟ್ಟು ಉದುರುತ್ತಿತ್ತು, ಕೊಂಬೆ ನಿಧಾನವಾಗಿ ಸೋತು ಜೋಲಿತು. ಒಂದೇ ಏಟಿಗೆ ಕಡಿದಿದ್ದರೆ ಅದು ಹಾರಿ ಎದೆಗೆ ಹೊಡೆಯುತ್ತಿತ್ತು.

ಹತ್ತೂವರೆಗೆ ಅವ್ವ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಳು. ತಿಂದು ಮುಗಿಸಿದ ಮೇಲೆ ಅಣ್ಣ ಮತ್ತೊಂದು ಸುತ್ತು ಬಂದರು. ಕೊಂಬೆ ಹೋದ ಮೇಲೆ ಭಾರ ಬದಲಾಗಿರುತ್ತದಂತೆ, ಬೆಳಿಗ್ಗೆ ನೋಡಿದ್ದು ಈಗ ಲೆಕ್ಕಕ್ಕಿಲ್ಲವಂತೆ. ಗುಂಡಿಗೆ ಇಣುಕಿದವರು ಸಟ್ಟನೆ ಕೈ ಎತ್ತಿದರು. ಹೊಸ ಮಣ್ಣಲ್ಲಿ ಹುಳ ಕೆದಕುತ್ತ ಅವ್ವನ ಕೋಳಿ, ಹಿಂದೆ ಏಳು ಮರಿ. ಹುಡುಗ ಉದ್ದನೆ ಗಳದಿಂದ ದೂರದಲ್ಲೇ ನಿಂತು ಒಂದೊಂದನ್ನೇ ಎಬ್ಬಿಸಿದ. ಅವ್ವ ಎರಡು ಸಲ ಎಣಿಸಿದಳು.

ಬುಡದಿಂದ ಐದಡಿ ಬಿಟ್ಟು ಕುಯ್ಯುವುದೆಂದು ಗುರುತು ಹಾಕಿದರು. ತೀರಾ ಬುಡಕ್ಕೇ ಕುಯ್ದರೆ ಮಣ್ಣಿನ ಗೋಡೆ ನಮ್ಮ ಕಡೆಗೇ ಮಗುಚಿದರೂ ಮಗುಚಬಹುದು. ಉದ್ದ ಬೊಡ್ಡೆ ಉಳಿದಿದ್ದರೆ ಅದೇ ಆನಿಕೆ. ಎರಡು ತುದಿಯಲ್ಲಿ ಆಸರೆ ಇದ್ದದ್ದರಿಂದ ಬೊಡ್ಡೆ ನಡುವೆ ಜಗ್ಗುತ್ತಿತ್ತು. ಅಂದರೆ ಮೇಲ್ಮೈ ಒತ್ತಿಕೊಂಡಿದೆ, ಕೆಳಮೈ ಎಳೆದುಕೊಂಡಿದೆ. ಆದ್ದರಿಂದ ಮೊದಲು ಮೇಲಿಂದ ಮೂರನೇ ಒಂದು ಭಾಗ. ಆ ಸೀಳಿಗೆ ಬೆಣೆ, ಇಲ್ಲದಿದ್ದರೆ ಬ್ಲೇಡು ಕಚ್ಚಿಕೊಳ್ಳುತ್ತದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ. ಹಿಂದೆ ಸರಿಯಲು ಓರೆಯಾಗಿ ದಾರಿ ಗುಡಿಸಿಟ್ಟರು, ಒಂದು ಕಡ್ಡಿಯೂ ಕಾಲಿಗೆ ಸಿಗದ ಹಾಗೆ. ನಮ್ಮನ್ನೆಲ್ಲ ಜಗಲಿಗೆ ಅಟ್ಟಿದರು. ಹುಡುಗನ ಕೈಲಿ ಉದ್ದನೆ ಕೋಲು. ಮಿಷನ್ ಓಡುವಾಗ ಕೂಗಿದರೆ ಕೇಳುವುದಿಲ್ಲ, ಅಪಾಯ ಕಂಡರೆ ಕೋಲಿನಿಂದ ಬೆನ್ನು ತಟ್ಟಬೇಕು.

ಕೆಳಗಿನಿಂದ ಬ್ಲೇಡು ಅರ್ಧ ಏರಿತ್ತು. ಅಣ್ಣ ಮಿಷನ್ ನಿಲ್ಲಿಸಿ ತಲೆ ಓರೆ ಮಾಡಿದರು. ನನಗೇನೂ ಕೇಳಲಿಲ್ಲ. ಮತ್ತೆ ಹಚ್ಚಿ ಎರಡು ಸಲ ಮುಟ್ಟಿಸಿ ತೆಗೆದರು. ಟಪ್ ಅಂತ ಒಂದು ಸದ್ದು. ಅವರು ಆಗಲೇ ನಾಲ್ಕು ಹೆಜ್ಜೆ ಹಿಂದಿದ್ದರು.

ಆಮೇಲೆ ಆಗಿದ್ದನ್ನು ನಾನು ನೋಡಿದೆ ಅನ್ನಲಾರೆ. ಅಷ್ಟು ಹೊತ್ತೇ ಇರಲಿಲ್ಲ. ಮಲಗಿದ್ದ ಬೊಡ್ಡೆ ಎದ್ದು ನಿಂತಿತ್ತು. ಧಡ್ ಅನ್ನುವುದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಯಿತು. ಜಗಲಿಯ ಮೇಲಿದ್ದ ಲೋಟ ಸದ್ದು ಮಾಡಿತು. ಬಚ್ಚಲ ಗೋಡೆಗೆ ಆಳೆತ್ತರದವರೆಗೂ ಕೆಸರು ಸಿಡಿದಿತ್ತು. ಗುಂಡಿ ಇರಲಿಲ್ಲ. ನೆಟ್ಟಗೆ ಐದಡಿ ಮೊಂಡು, ಸುತ್ತ ಸಮತಟ್ಟಾದ ನೆಲ. ಅಲ್ಲಿ ಗುಂಡಿಯೇ ಇರಲಿಲ್ಲವೇನೋ ಅನ್ನುವಷ್ಟು ನಾಜೂಕಾಗಿ ಮುಚ್ಚಿತ್ತು.

ಹಸಿ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತದೆ. ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಬೇರಿನ ಜೊತೆ ಬಂದ ಮಣ್ಣೇ ಕಬ್ಬು ತುಂಬಿದ ಎರಡು ಎತ್ತಿನ ಗಾಡಿಯಷ್ಟಾಗುತ್ತಿತ್ತು. ಅಂಗಡಿ ಆಟ ಆಡುತ್ತಿದ್ದ ಇಬ್ಬರಲ್ಲಿ ಒಬ್ಬಳಿಗೆ ಐದು ವರ್ಷ.

ಉಳಿದಿದ್ದು ಬರೀ ತುಂಡು ಹಾಕುವ ಕೆಲಸ. ನಾಲ್ಕು ಗಂಟೆಗೆ ಮುಗಿಯಿತು. ಕೂಲಿ ಆರು ಸಾವಿರ, ಜೊತೆಗೆ ಸಣ್ಣ ಸೌದೆ ಅವರಿಗೆ. ಮೊಂಡು ತೆಗೆಸಬೇಡಿ ಅಂದರು. ಅರ್ಧ ಬೇರು ಜೀವಂತ ಇದೆ, ನೇರಳೆ ಚಿಗುರುತ್ತದೆ. ಬಟ್ಟೆಯ ಹೊಟ್ಟು ಕೊಡವಿಕೊಳ್ಳುತ್ತಿದ್ದವರನ್ನು ಅವ್ವ ತಡೆದು ಕೇಳಿದಳು:

"ಅಣ್ಣಯ್ಯ, ಅದ್ನ ಇನ್ನೊಂದ್ ಸಲ ವಸಿ ಎತ್ತಾಕಾಯ್ತದಾ? ನಮ್ ಗುದ್ಲಿ ಅದೆ ಒಳಗೆ."

ಹುಡುಗ ಹೆಲ್ಮೆಟ್ಟಿನೊಳಗೇ ನಕ್ಕ. ಅವ್ವ ನಗಲಿಲ್ಲ. ಅದು ಅಪ್ಪನ ಕಾಲದ ಗುದ್ದಲಿ. ಕಾವಿನ ತುದಿ ಒಂದು ಗೇಣು ಮಾತ್ರ ಬೇರಿನ ಸಂದಿಯಿಂದ ಹೊರಗೆ ಕಾಣುತ್ತಿತ್ತು. ನಾನು, ಚಿಕ್ಕಪ್ಪ ಇಬ್ಬರೂ ಹಿಡಿದು ಎಳೆದೆವು. ಮಿಸುಕಲಿಲ್ಲ. ಈಗ ಅವ್ವ ಅದಕ್ಕೆ ಕರು ಕಟ್ಟುತ್ತಾಳೆ.