ಕಾಫ್ ಕ್ರೀಕ್: ಬಂಡೆಯಿಂದ ಹುಟ್ಟುವ ಹಳ್ಳ

ಅಮೆರಿಕದ ಯೂಟಾ ರಾಜ್ಯಕ್ಕೆ ಹೋದವರೆಲ್ಲ ಝಯಾನ್, ಬ್ರೈಸ್ ಅನ್ನೋ ರಾಷ್ಟ್ರೀಯ ಉದ್ಯಾನಗಳಿಂದ ಶುರು ಮಾಡುತ್ತಾರೆ. ನಾನೂ ಅಪ್ಪನೂ ಎರಡನ್ನೂ ನೋಡಿದೆವು. ಚೆನ್ನಾಗಿವೆ. ಆದರೆ ಝಯಾನ್ ಅಂದರೆ ನನಗೆ ಈಗ ಶಟಲ್ ಬಸ್ಸಿನ ಕ್ಯೂ ಅಷ್ಟೇ ನೆನಪಾಗೋದು. ಬರೆಯಲೇಬೇಕು ಅನ್ನಿಸಿದ್ದು ಆಮೇಲೆ ಸಿಕ್ಕ ಒಂದು ಹಳ್ಳದ ಬಗ್ಗೆ.

ಎಸ್ಕಲಾಂಟೆಯಿಂದ ಬೌಲ್ಡರ್ ಅನ್ನೋ ಪುಟ್ಟ ಊರಿಗೆ ಹೋಗುವ 12ನೇ ಹೆದ್ದಾರಿಯಲ್ಲಿ ಸಿಗುತ್ತೆ ಈ ಕಾಫ್ ಕ್ರೀಕ್. ಸುತ್ತ ಎಲ್ಲಿ ನೋಡಿದರೂ ಬೋಳು ಬಂಡೆ, ಅಲ್ಲೊಂದು ಇಲ್ಲೊಂದು ಕುಳ್ಳ ಜೂನಿಪರ್ ಗಿಡ. ವರ್ಷಕ್ಕೆ 10–11 ಇಂಚು ಮಳೆ ಬಿದ್ದರೆ ಹೆಚ್ಚು. ನಮ್ಮ ಪಾವಗಡದಲ್ಲೇ ಇದಕ್ಕಿಂತ ಜಾಸ್ತಿ ಬೀಳುತ್ತೆ. ಹಾಗಿದ್ದೂ ಕಣಿವೆಯ ತಳದಲ್ಲಿ ವರ್ಷವಿಡೀ ತಣ್ಣನೆಯ ತಿಳಿನೀರು ಹರಿಯುತ್ತೆ.

ಮೊದಲು ಪಾರ್ಕಿಂಗ್ ವಿಷಯ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತೆ. ಹಿಂದಿನ ರಾತ್ರಿ ಉಳಿದಿದ್ದ ಮೋಟೆಲಿನವರು "ಹನ್ನೊಂದಕ್ಕೆ ಹೋದರೂ ಜಾಗ ಸಿಗುತ್ತೆ" ಅಂದಿದ್ದರು. ಎಲ್ಲಿ ಸಿಗುತ್ತೆ? ಅಂಗೈ ಅಗಲದ ಜಾಗ, ಒಂದು ಕಾರು ಹೊರಟರೆ ಇನ್ನೊಂದು ಒಳಗೆ. ಕಾದು ಕಾದು ಒಳಗೆ ಹೋಗುವಷ್ಟರಲ್ಲಿ ನಡುನೆತ್ತಿ ಬಿಸಿಲು. ನೀವು ಬೆಳಗ್ಗೆ ಎಂಟರೊಳಗೆ ಹೋಗಿ. ಶೂ ಹಾಕ್ಕೊಳ್ಳಿ. ದಾರಿ ಹೆಚ್ಚುಕಮ್ಮಿ ಸಮತಟ್ಟೇ, ಆದರೆ ಪೂರ್ತಿ ಮರಳು, ಕೊನೆಯಲ್ಲಿರೋ ಜಲಪಾತಕ್ಕೆ ಹೋಗಿ ಬರೋಕೆ ಸುಮಾರು 6 ಮೈಲಿ. ಕುಡಿಯೋ ನೀರು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಇಟ್ಟುಕೊಳ್ಳಿ. ಜುಲೈ–ಆಗಸ್ಟಿನಲ್ಲಾದರೆ ಆಕಾಶದ ಮೇಲೆ ಒಂದು ಕಣ್ಣಿರಲಿ, ಎಲ್ಲೋ ದೂರದಲ್ಲಿ ಗುಡುಗಿ ಸುರಿದರೂ ಈ ಕಣಿವೆಗಳಿಗೆ ದಿಢೀರ್ ಪ್ರವಾಹ ಬರುತ್ತೆ.

ಹಿಂದೆ ದನ ಸಾಕುವವರು ಹಾಲು ಬಿಡಿಸಿದ ಕರುಗಳನ್ನು ಈ ಕಣಿವೆಯೊಳಗೆ ಬಿಡುತ್ತಿದ್ದರಂತೆ. ಎರಡೂ ಕಡೆ ಬಂಡೆ ಗೋಡೆ, ಬೇಲಿ ಖರ್ಚಿಲ್ಲ. ಅಪ್ಪನಿಗೆ ಈ ಐಡಿಯಾ ಬಹಳ ಹಿಡಿಸಿತು. ದಾರಿಯಲ್ಲಿ ಎದುರು ಗೋಡೆಯ ಮೇಲೆ ಫ್ರೀಮಾಂಟ್ ಅನ್ನೋ ಪ್ರಾಚೀನ ಮೂಲನಿವಾಸಿ ಜನ ಕೆಂಪು ಬಣ್ಣದಲ್ಲಿ ಬರೆದ ಮೂರು ದೊಡ್ಡ ಆಕೃತಿಗಳಿವೆ, ಅಗಲ ಭುಜ, ಸಣ್ಣ ಸೊಂಟ. ಬೀವರ್‌ಗಳು ಕಟ್ಟಿದ ಒಡ್ಡಿನ ಹಿಂದೆ ನೀರು ನಿಂತಿತ್ತು, ಅದರಲ್ಲಿ ಟ್ರೌಟ್ ಮೀನು. ಅಪ್ಪ ಇದ್ಯಾವುದರ ಮುಂದೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವರ ತಲೆ ತುಂಬ ಒಂದೇ ಪ್ರಶ್ನೆ.

"ಮಳೆ ಇಲ್ಲ, ಮೇಲೆ ಕೆರೆ ಇಲ್ಲ. ಈ ನೀರು ಎಲ್ಲಿಂದ ಬರ್ತಿದೆ ಕಣೋ?"

"ಬಂಡೆಯೊಳಗಿಂದ ಅಪ್ಪ."

"ಸುಮ್ನೆ ಇರು. ನಮ್ಮ ಹೊಲದಲ್ಲಿ ಬಂಡೆ ಕೊರೆಸಿಲ್ವಾ? ಧೂಳು ಬಂತು."

ಅಲ್ಲೇ ನೆರಳಲ್ಲಿ ಕೂತೆವು. ನಮ್ಮ ಕಡೆಯದು ಕಗ್ಗಲ್ಲು, ಬಿರುಕು ಸಿಕ್ಕರೆ ಮಾತ್ರ ನೀರು, ಸಿಗದಿದ್ದರೆ ದುಡ್ಡು ಮಣ್ಣು. ಇಲ್ಲಿರೋದು ನವಾಹೋ ಮರಳುಗಲ್ಲು. ಸುಮಾರು 18–19 ಕೋಟಿ ವರ್ಷದ ಹಿಂದೆ ಇದೆಲ್ಲ ಮರಳುಗಾಡಿನ ದಿಬ್ಬಗಳು, ಗಾಳಿ ಮರಳು ಪೇರಿಸಿದ ಓರೆ ಗೆರೆಗಳು ಗೋಡೆಯಲ್ಲಿ ಇವತ್ತಿಗೂ ಕಾಣುತ್ತವೆ. ಅಪ್ಪ ಬಂಡೆಗೆ ಹೆಬ್ಬೆರಳು ಉಜ್ಜಿದರು. ಬೆರಳಿಗೆ ಮರಳು ಅಂಟಿತು. ಇನ್ನೊಮ್ಮೆ ಉಜ್ಜಿ, ಎರಡು ಬೆರಳ ನಡುವೆ ತಿಕ್ಕಿ ನೋಡಿದರು.

ಮೇಲೆ ಬಿದ್ದ ಮಳೆ, ಕರಗಿದ ಹಿಮ, ಈ ಮರಳಿನ ಕಣಗಳ ಸಂದಿಯಲ್ಲಿ ನಿಧಾನಕ್ಕೆ ಇಳಿಯುತ್ತೆ. ಅದರ ಕೆಳಗೆ ಕಯೆಂಟಾ ಅನ್ನೋ ಇನ್ನೊಂದು ಪದರ, ಅದರಲ್ಲಿ ನುಣುಪು ಹೂಳು, ಜೇಡಿ ಸೇರಿರೋದರಿಂದ ನೀರನ್ನು ಸುಲಭವಾಗಿ ಬಿಡಲ್ಲ. ಕೆಳಗೆ ದಾರಿಯಿಲ್ಲದ ನೀರು ಅಡ್ಡ ಹರಿದು ಕಣಿವೆಯ ಗೋಡೆಯಿಂದ ಹೊರಗೆ ಬರುತ್ತೆ. ಹೊಸ ಮಡಕೆ ಬೆವರಿದ ಹಾಗೆ ಬಂಡೆ ಒದ್ದೆಯಾಗಿರುವ ಕಡೆಯೆಲ್ಲ ಜರಿಗಿಡ ಬೆಳೆದು ನೇತಾಡುತ್ತಿತ್ತು.

"ಹಂಗಾದ್ರೆ ಇದು ಹೋದ ವರ್ಷದ ಮಳೆ ಅಲ್ಲ?"

"ಅಲ್ಲ. ನೀವು ಹುಟ್ಟೋಕೆ ಮುಂಚೆ ಬಿದ್ದಿದ್ದೂ ಇರಬಹುದು."

"ಮೇಲ್ಗಡೆ ನಾಲ್ಕು ಜನ ಬೋರ್ ಹಾಕಿ ಎಳೆದ್ರೆ?"

"ಇಲ್ಲಿ ಬತ್ತುತ್ತೆ."

"ಹೂಂ," ಅಂದರು. ಆಮೇಲೆ ಜಲಪಾತದವರೆಗೂ ಮಾತಿಲ್ಲ.

ಜಲಪಾತ 126 ಅಡಿ. ಹಸಿರು, ಹಳದಿ ಪಾಚಿ ಹಿಡಿದ ಗೋಡೆಯ ಮೇಲಿಂದ ನೇರ ಕೆಳಗಿನ ಗುಂಡಿಗೆ. ನಮ್ಮ ಜೋಗ ನೋಡಿದವರಿಗೆ ಎತ್ತರ ಏನೂ ಅನ್ನಿಸಲ್ಲ. ಆದರೆ ಬೆಂದು ಬಂದವರಿಗೆ ಆ ಸಿಂಚನ ತಾಗಿದರೆ ಮೈ ಜುಂ ಅನ್ನುತ್ತೆ. ನಾನು ಮಂಡಿವರೆಗೆ ಇಳಿದು ಓಡಿ ಬಂದೆ, ಅಷ್ಟು ಚಳಿ. ಒಂದು ಗುಂಪು ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಕೂತಿತ್ತು. ಇಷ್ಟು ದೂರ ನಡೆದು ಬಂದು ಅದನ್ನ ಕೇಳಬೇಕಾ?

ಈ ನೀರು ಮುಂದೆ ಎಸ್ಕಲಾಂಟೆ ನದಿಗೆ, ಅಲ್ಲಿಂದ ಲೇಕ್ ಪೊವೆಲ್ ಅನ್ನೋ ಜಲಾಶಯಕ್ಕೆ ಸೇರುತ್ತೆ. ಆ ಎಸ್ಕಲಾಂಟೆ ನದಿ 1872ರವರೆಗೂ ಅಮೆರಿಕ ಸರ್ಕಾರದ ನಕ್ಷೆಯಲ್ಲೇ ಇರಲಿಲ್ಲ. ಈ ಕಣಿವೆಗಳ ಸಿಕ್ಕು ನೋಡಿದರೆ ಆಶ್ಚರ್ಯವಿಲ್ಲ.

ಸಂಜೆ ಬೌಲ್ಡರ್ ಕಡೆ ಹೊರಟೆವು. ದಾರಿಯಲ್ಲಿ ಹಾಗ್‌ಬ್ಯಾಕ್ ಅನ್ನೋ ಬೆಟ್ಟದ ಏಣು ಸಿಗುತ್ತೆ, ಎರಡೂ ಕಡೆ ಪ್ರಪಾತ, ಡ್ರೈವ್ ಮಾಡುವವರು ದಯವಿಟ್ಟು ರಸ್ತೆ ಮಾತ್ರ ನೋಡಿ. ಊರು ತಲುಪಿ ವೈಫೈ ಸಿಕ್ಕಿದ ಕೂಡಲೇ ಅಪ್ಪ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಆಗಿನ್ನೂ ಬೆಳಗ್ಗೆ. ಮರಳುಗಲ್ಲು, ಪದರ, ಹಳೇ ಮಳೆ ಎಲ್ಲವನ್ನೂ ನನಗಿಂತ ಚೆನ್ನಾಗಿ ವಿವರಿಸಿದರು. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡು ಕೇಳಿದ್ದು ಒಂದೇ:

"ಸರಿ, ಆ ನೀರಲ್ಲಿ ಏನ್ ಬೆಳೀತಾರೆ?"