ಕಡಲಿಗೆ ಬೆನ್ನು ಹಾಕಿ

ಕೇರಳದ ವರ್ಕಲಕ್ಕೆ ಹೋದವರೆಲ್ಲ ಸಂಜೆ ಕಡಲಿಗೆ ಮುಖ ಮಾಡಿ ಸೂರ್ಯಾಸ್ತ ಕಾಯುತ್ತಾರೆ. ನಾನು ಅಲ್ಲಿನ ಪಾಪನಾಶಂ ತೀರದ ಮರಳಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತಿದ್ದೆ. ನನಗೆ ಬೇಕಿದ್ದದ್ದು ತೀರಕ್ಕೆ ಒತ್ತಿಕೊಂಡು ಗೋಡೆಯಂತೆ ಎದ್ದು ನಿಂತ ಆ ಕಡಿದಾದ ದಿಬ್ಬ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಇಳಿಬಿಸಿಲು ನೇರ ಗೋಡೆಗೆ ಬಿದ್ದು ಪದರಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಮೇಲೆ ತೂತುತೂತಾದ ಕೆಂಪು ಮುರಕಲ್ಲು. ಕೆಳಗೆ ಹಳದಿ, ಬಿಳಿ ಬಣ್ಣದ ಮರಳುಗಲ್ಲು, ಜೇಡಿಮಣ್ಣು. ನಡುನಡುವೆ ಒಂದೊಂದು ಕಪ್ಪು ಗೆರೆ. ಕೆಳಗೆ ಬಿದ್ದಿದ್ದ ಕಪ್ಪು ಹೆಂಟೆಯೊಂದನ್ನು ಉಗುರಿನಿಂದ ಕೆರೆದೆ. ಉದುರಿತು, ಬೆರಳಿಗೆಲ್ಲ ಮಸಿ. ಇದು ಲಿಗ್ನೈಟ್, ಇನ್ನೂ ಬಲಿಯದ ಕಲ್ಲಿದ್ದಲು ಅನ್ನಿ. ಗಿಡಮರ ಜೌಗಿನಲ್ಲಿ ಬಿದ್ದು, ಗಾಳಿಯಾಡದೆ ಹೂತುಹೋದರೇನೇ ಇದು ಹುಟ್ಟುವುದು. ಅಂದರೆ ಈ ಗೆರೆ ಮೂಡಿದ ಕಾಲಕ್ಕೆ ಇಲ್ಲಿ ಅಲೆ ಹೊಡೆಯುತ್ತಿರಲಿಲ್ಲ, ನಿಂತ ನೀರಿತ್ತು.

ಹಿಂದಿನ ದಿನ ಕೊಲ್ಲಂ ಹತ್ತಿರದ ಪಡಪ್ಪಕ್ಕರಕ್ಕೆ ಹೋಗಿದ್ದೆ. ಅಷ್ಟಮುಡಿ ಕಾಯಲಿನ (ಹಿನ್ನೀರಿನ) ದಡದಲ್ಲಿ ಸುಣ್ಣಕಲ್ಲು, ಅದರ ತುಂಬ ಚಿಪ್ಪು, ಶಂಖ. ಸುಮ್ನೆ ನೋಡಿದರೆ ಏನೂ ಇಲ್ಲ ಅನ್ನಿಸೋ ಜಾಗ. ಆದರೆ ಆ ಚಿಪ್ಪಿನ ಕಲ್ಲು ವರ್ಕಲದ ಪದರಗಳಿಗಿಂತ ಹಳೆಯದು, ಎರಡೂ ಮಯೋಸೀನ್ ಕಾಲದವು. ಆ ಯುಗ ಸುಮಾರು 2.3 ಕೋಟಿ ವರ್ಷದ ಹಿಂದೆ ಶುರುವಾಗಿ 53 ಲಕ್ಷ ವರ್ಷದ ಹಿಂದೆ ಮುಗಿಯಿತು. ಮೊದಲು ಕಡಲು ಒಳಗೆ ನುಗ್ಗಿ ಚಿಪ್ಪು ಬಿಟ್ಟಿತು. ಆಮೇಲೆ ಹಿಂದೆ ಸರಿಯಿತು, ನದಿಗಳು ಮರಳು, ಜೇಡಿ ತಂದು ಸುರಿದವು. ಕೊನೆಗೆ ನೆಲ ಬಯಲಾಗಿ, ಮಳೆ ಬಿಸಿಲಿಗೆ ಬೆಂದು ಮುರಕಲ್ಲಾಯಿತು. ಎರಡು ಜಾಗ ಜೋಡಿಸದೆ ಈ ಕಥೆ ಅರ್ಥವೇ ಆಗುವುದಿಲ್ಲ.

ಗೋಡೆಯಿಂದ ನೀರೂ ಜಿನುಗುತ್ತಿತ್ತು. ಮುರಕಲ್ಲು, ಮರಳುಗಲ್ಲಿನಲ್ಲಿ ಇಳಿದ ಮಳೆನೀರನ್ನು ಜೇಡಿ ಕೆಳಗೆ ಬಿಡುವುದಿಲ್ಲ. ಪಕ್ಕಕ್ಕೆ ಬಂದು ಒರತೆಯಾಗುತ್ತದೆ. ಅದೇ ನೀರು ಗೋಡೆಯನ್ನು ಸಡಿಲ ಮಾಡುತ್ತದೆ ಕೂಡ. ಫೋಟೋಗೆಂದು ಹತ್ತಿರ ಹೋಗಿದ್ದಾಗ ಎರಡು ಮಾರು ಆಚೆ ಒಂದು ದೊಡ್ಡ ಮಣ್ಣಿನ ಹೆಂಟೆ ಧೊಪ್ಪೆಂದು ಬಿತ್ತು. ನನ್ನದೇ ತಪ್ಪು. ಬುಡಕ್ಕೆ ಹೋಗಬಾರದು.

ಈ ಗೋಡೆಯಲ್ಲಿ ಕಾಣದ ಒಂದು ಪುಟವೂ ಇದೆ. ಸುಮಾರು 20,000 ವರ್ಷದ ಹಿಂದೆ, ಹಿಮಯುಗ ಜೋರಾಗಿದ್ದಾಗ, ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗಿನ ದಡ ಹತ್ತಾರು ಕಿಲೋಮೀಟರ್ ಆಚೆ, ಈಗ ನೀರಿನಡಿ. ಅದು ಎಲ್ಲಿರಬಹುದು ಅಂತ ತಿರುಗಿ ನೋಡುವಷ್ಟರಲ್ಲಿ ಅಲೆ ಬಂದು ಶೂ ತೋಯಿಸಿತು. ಸೂರ್ಯ ಆಗಲೇ ಮುಳುಗಿದ್ದ.